ಷರತ್ತು ನನಗೆ, ಮಕ್ಕಳಿಗಲ್ಲ

ಲಂಡನ್ನಿನ ಪೆಕಮ್ ಪೇಟೆಯಲ್ಲಿ ಹೆಂಗಸರ ಕೂದಲು ಹೆಣೆಯುವ ಸೆರ್ವಾಗೆ ಅವಳಿ ಹೆಣ್ಣುಮಕ್ಕಳು. ಗಂಡ ಒಫೊರಿ ಬಸ್ ಓಡಿಸುತ್ತಿದ್ದ. ಆ ದೇಶದಲ್ಲಿ ಕಾಯಂ ನೆಲೆಸುವ ಹಕ್ಕು ಅವನಿಗೆ ಮದುವೆಗೆ ಮೊದಲೇ ಸಿಕ್ಕಿತ್ತು. ತವರೂರು ಕುಮಾಸಿಯಿಂದ ಅವನ ಕೈಹಿಡಿದು ಬಂದ ಸೆರ್ವಾಳ ವೀಸಾಕ್ಕೆ ಮಾತ್ರ ಒಂದು ಷರತ್ತಿತ್ತು: ಸರ್ಕಾರದ ನೆರವಿಗೆ ಕೈಚಾಚುವಂತಿಲ್ಲ. ಆದ್ದರಿಂದ ಮಕ್ಕಳನ್ನು ಸಾಕಲು ಸರ್ಕಾರ ಕೊಡುವ ಭತ್ಯೆಯನ್ನು ಒಫೊರಿಯೇ ತನ್ನ ಹೆಸರಿನಲ್ಲಿ ಪಡೆಯುತ್ತಿದ್ದ.

ಸೆರ್ವಾ ತಾನೂ ಕಾಯಂ ಆಗಲು ಅರ್ಜಿ ಹಾಕುವ ಕಾಲ ಹತ್ತಿರ ಬಂದಾಗಲೇ ಭತ್ಯೆ ನಿಂತಿತು. ತಾಯಿಗೆ ಹಕ್ಕಿಲ್ಲದ ಮನೆಗೆ ಭತ್ಯೆಯೂ ಇಲ್ಲ, ಬಂದದ್ದನ್ನೆಲ್ಲ ಹಿಂದಿರುಗಿಸಿ ಎಂದರು ಭತ್ಯೆ ಕೊಡುವ ಕಚೇರಿಯವರು.

ಚರ್ಚಿನ ಹಿರಿಯಳು ಬೊಯಾಟೆಮಾ ಸುದ್ದಿ ಕೇಳಿ ಮನೆಗೇ ಬಂದಳು.

"ಬಾಯಿ ಮುಚ್ಕೊಂಡು ಕಟ್ಟಿಬಿಡೇ. ಮಲಗಿರೋ ಹಾವನ್ನ ಯಾಕೆ ತುಳೀತೀಯ? ನಾಳೆ ನಿನ್ನ ವಿಮಾನ ಹತ್ತಿಸಿದ್ರೆ ಈ ಕೂಸುಗಳ ಗತಿ ಏನು?"

ಒಫೊರಿಗೂ ಅದೇ ಸರಿ ಅನ್ನಿಸಿತು. ಸೆರ್ವಾ ಒಪ್ಪಲಿಲ್ಲ.

"ಕಟ್ಟಿದ್ರೆ ತಪ್ಪು ಮಾಡಿದೀವಿ ಅಂತ ನಾವೇ ಹೇಳಿದ ಹಾಗಾಗುತ್ತೆ. ಆಮೇಲೆ ಇಲ್ಲೇ ಇರ್ತೀನಿ ಅಂತ ಕೇಳೋಕೆ ಹೋದಾಗ ಅದೇ ಅಡ್ಡ ಬರುತ್ತೆ. ಕೋಳಿ ಕದ್ದಿಲ್ಲ ಅಂದ್ಮೇಲೆ ಗರಿ ಯಾಕೆ ಬಚ್ಚಿಡ್ಲಿ?"

ಬಡವರಿಗೆ ಪುಕ್ಕಟೆ ಸಲಹೆ ಕೊಡುವ ವಕೀಲೆಯೊಬ್ಬಳನ್ನು ಅವಳು ಹುಡುಕಿದಳು. ಕಾನೂನು ನಿಮ್ಮ ಕಡೆಗಿದೆ, ಆದರೆ ನ್ಯಾಯಮಂಡಳಿಯ ಮುಂದೆ ನಿಂತು ನೀವು ಗಂಡ ಹೆಂಡತಿಯರೇ ಹೇಳಬೇಕು ಎಂದಳು ವಕೀಲೆ. ಅಲ್ಲಿಂದಾಚೆಗೆ ಸೆರ್ವಾ ಗಿರಾಕಿಗಳ ತಲೆ ಹೆಣೆಯುತ್ತಲೇ ತನ್ನ ವಾದ ಒಪ್ಪಿಸುತ್ತಿದ್ದಳು. ತಲೆ ಅಲ್ಲಾಡಿಸುವಂತಿಲ್ಲದ ಆ ಹೆಂಗಸರು ಬಾಯಲ್ಲೇ ಅಡ್ಡಪ್ರಶ್ನೆ ಹಾಕುತ್ತಿದ್ದರು.

ಭತ್ಯೆ ಒಫೊರಿಯ ಹೆಸರಿನಲ್ಲಿದ್ದುದರಿಂದ ವಿಚಾರಣೆಯ ಬೆಳಿಗ್ಗೆ ಮೊದಲು ಅವನನ್ನೇ ಕರೆದರು. ಎದ್ದು ನಿಂತವನು ಮೊದಲ ಮಾತಿಗೇ ತೊದಲಿದ. ನನ್ನ ಹೆಂಡತಿ ಮಾತಾಡಲಿ ಎಂದು ಕೇಳಿಕೊಂಡು ಕುಳಿತುಬಿಟ್ಟ. ನರೆಗೂದಲಿನ ನ್ಯಾಯಾಧೀಶೆ ಆಗಲಿ ಎಂದು ತಲೆಯಾಡಿಸಿದಳು. ಸೆರ್ವಾ ಎದ್ದು ನಿಂತಳು.

"ಷರತ್ತು ಇರೋದು ನನಗೆ ಮೇಡಂ. ನನ್ನ ಗಂಡನಿಗಿಲ್ಲ, ಮಕ್ಕಳಿಗಿಲ್ಲ. ಅವರಪ್ಪ ತನ್ನ ಹಕ್ಕಿನಿಂದ ತಗೊಂಡ. ನಾನು ಮನೇಲಿದ್ದೀನಿ ಅಂತ ಒಂದು ಪೆನ್ನಿ ಜಾಸ್ತಿ ಬಂದಿಲ್ಲ. ನಾನು ಕುಮಾಸಿಯಲ್ಲೇ ಉಳಿದಿದ್ರೂ ಅವನಿಗೆ ಇಷ್ಟೇ ಬರ್ತಿತ್ತು. ಹಾಗಿದ್ಮೇಲೆ ನಾನು ಮುಟ್ಟಿದ್ದು ಏನನ್ನ?"

ನ್ಯಾಯಾಧೀಶೆ ಕಚೇರಿಯ ಪರವಾಗಿ ಬಂದವನತ್ತ ನೋಡಿದಳು. ಅವನು ಹಾಳೆಗಳನ್ನು ತಿರುವಿ, ಷರತ್ತು ತಾಯಿಯ ವೀಸಾಕ್ಕೆ ಮಾತ್ರ ಎಂದು ಸಭ್ಯವಾಗಿಯೇ ಒಪ್ಪಿಕೊಂಡ. ತೀರ್ಪು ಅಲ್ಲೇ ಬಂತು: ಭತ್ಯೆ ಮುಂದುವರಿಯಬೇಕು, ಏನನ್ನೂ ಹಿಂದಿರುಗಿಸಬೇಕಿಲ್ಲ, ತಾಯಿ ಯಾವ ಷರತ್ತನ್ನೂ ಮೀರಿಲ್ಲ.

ಮೆಟ್ಟಿಲಿಳಿಯುವಾಗ ಒಫೊರಿ, ಬಸ್ಸು ನಾನು ಓಡಿಸ್ತೀನಿ, ಸಂಸಾರ ನೀನೇ ಓಡಿಸು ಎಂದ. ಸೆರ್ವಾ ನಕ್ಕಳು, ನಗುತ್ತ ನಗುತ್ತಲೇ ಅತ್ತಳು.

ಬೇಸಿಗೆಯಲ್ಲಿ ಅವಳಿಗೂ ಕಾಯಂ ನೆಲೆ ಸಿಕ್ಕಿತು. ಆ ಭಾನುವಾರ ಚರ್ಚಿನ ಹಿಂದಿನ ಅಂಗಳದಲ್ಲಿ ದೊಡ್ಡ ಪಾತ್ರೆಗಳಲ್ಲಿ ಟೊಮೆಟೊ ಹಾಕಿದ ಜೊಲೊಫ್ ಅನ್ನ ಬೆಂದಿತು, ಡೋಲು ಬಡಿದರು, ಅವಳಿಗಳಿಬ್ಬರೂ ಬಿಳಿ ಉಡುಪಿನಲ್ಲಿ ತಟ್ಟೆ ಹಿಡಿದೇ ಕುಣಿದು ಕುಣಿದು ಅನ್ನದ ಎಣ್ಣೆ ಚೆಲ್ಲಿಕೊಂಡರು. ಗದ್ದಲದ ನಡುವೆ ಬೊಯಾಟೆಮಾ ತನ್ನ ಸೊಸೆಯನ್ನು ಕೈಹಿಡಿದು ಕರೆತಂದಳು. ಮಗ ಕಾಯಂ ನೆಲೆಯವನಾದರೂ ಸೊಸೆಯ ವೀಸಾಕ್ಕೆ ಅದೇ ಷರತ್ತಿದ್ದುದರಿಂದ, ಹೆದರಿ ಅವರ ಮನೆಯಲ್ಲಿ ಯಾರೂ ಭತ್ಯೆಯನ್ನೇ ಕೇಳಿರಲಿಲ್ಲವಂತೆ.

"ಆ ನ್ಯಾಯಾಧೀಶೆಗೆ ಹೇಳಿದ್ಯಲ್ಲ, ಅದನ್ನ ಇವಳಿಗೂ ಹೇಳು," ಎಂದಳು ಮುದುಕಿ. "ನಿಧಾನಕ್ಕೆ ಹೇಳು, ನಾನೂ ಕೇಳಿಸ್ಕೋತೀನಿ."

ಸೆರ್ವಾ ಪಕ್ಕದ ಕುರ್ಚಿ ಎಳೆದು ಅವರಿಬ್ಬರನ್ನೂ ಕೂರಿಸಿದಳು.