ಹಿಂದಿನ ಕೋಣೆಯ ತೆರಿಗೆ

ನನ್ನ ಗಂಡನಿಗೆ ಕೋಟು ಹೊಲಿಯುವುದು ಚೆನ್ನಾಗಿ ಬರುತ್ತದೆ. ಬಾಯಿ ಮುಚ್ಚಿಕೊಂಡಿರುವುದು ಬರುವುದಿಲ್ಲ. ತೆರಿಗೆ ಕಚೇರಿಯವನು ಟೇಪು ಹಿಡಿದು ನಮ್ಮ ಟೈಲರ್ ಅಂಗಡಿ ಅಳೆಯಲು ಬಂದ ದಿನವೂ ಅಷ್ಟೇ ಆಯಿತು. ಮುಂದಿನ ಭಾಗ ಅಳೆದು ಮುಗಿಸಿದವನು ಪರದೆ ಸರಿಸಿ, "ಇದೇನು?" ಎಂದು ಕೇಳಿದ. ಅದು ನಮ್ಮ ಅತ್ತೆ ಇರುವ ಕೋಣೆ. ಅವರು ಆಗ ಹಿತ್ತಲ ನಲ್ಲಿಯ ಹತ್ತಿರ ಬಟ್ಟೆ ಹಿಂಡುತ್ತಿದ್ದರು.

"ಟ್ರಯಲ್ ರೂಮ್ ಸಾರ್. ದೊಡ್ಡ ಗಿರಾಕಿಗಳಿಗೆ ಅಂತಾನೇ ಬೇರೆ ಮಾಡ್ಸಿದ್ದು" ಎಂದ ನನ್ನ ಗಂಡ, ಎದೆಯುಬ್ಬಿಸಿ.

ನಮಗಿದ್ದ ದೊಡ್ಡ ಗಿರಾಕಿಯೆಂದರೆ ಶಾಲೆಯ ಹೆಡ್‌ಮಾಸ್ಟರು. ಅವರೂ ಬರುತ್ತಿದ್ದದ್ದು ಹಳೆಯ ಪ್ಯಾಂಟಿನ ಸೊಂಟ ಬಿಡಿಸಿಕೊಳ್ಳಲು.

ನಾವಿಬ್ಬರು, ಇಬ್ಬರು ಹೆಣ್ಣುಮಕ್ಕಳು, ಎಲ್ಲರೂ ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿದ್ದೆವು. ಅತ್ತೆಯ ಮಂಡಿ ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ, ಅದಕ್ಕೇ ಅವರು ಕೆಳಗೆ. ಇದರಲ್ಲಿ ನಾಚಿಕೆಪಡುವಂಥದ್ದು ಏನಿದೆಯೋ ನನಗಂತೂ ತಿಳಿಯದು. "ಹೆತ್ತ ತಾಯೀನ ಚಿಂದಿ ಬಟ್ಟೆ ಮಧ್ಯೆ ಮಲಗ್ಸಿದಾನೆ ಅಂತ ಜನ ಆಡ್ಕೊಳ್ತಾರೆ ಕಣೇ" ಎನ್ನುತ್ತಿದ್ದ ಗಂಡ. ಹಾಗಾಗಿ ಯಾರೇ ಕೇಳಲಿ, ಅತ್ತೆ ಮಗಳ ಮನೆಯಿಂದ ಎರಡು ದಿನ ಇದ್ದು ಹೋಗಲು ಬಂದವರು. ವರ್ಷಗಟ್ಟಲೆ ಅವರು ಎರಡು ದಿನ ಇದ್ದು ಹೋಗಲೆಂದೇ ಬಂದಿದ್ದರು. ಗಿರಾಕಿಯ ಚಪ್ಪಲಿ ಸದ್ದು ಕೇಳಿದರೆ ಸಾಕು, ಹಾಸಿಗೆ ಸುತ್ತಿ ಮೇಜಿನ ಕೆಳಗೆ ನೂಕಿ, ನೆಂಟರ ಹಾಗೆ ಸ್ಟೂಲಿನ ತುದಿಯಲ್ಲಿ ಕೂರುತ್ತಿದ್ದರು.

ತೆರಿಗೆಯ ನೋಟಿಸು ಬಂದಾಗ ಗಂಡನ ಎದೆ ಇಳಿಯಿತು. ವಾಸದ ಕೋಣೆಗೆ ಒಂದು ದರ, ವ್ಯಾಪಾರದ ಕೋಣೆಗೆ ಅದರ ಮೂರು ಪಟ್ಟು. ಪಕ್ಕದ ಫೋನ್ ರಿಪೇರಿಯವನು ಆ ಕೋಣೆಯನ್ನು ಬಾಡಿಗೆಗೆ ಕೊಡಿ ಎಂದು ಆಗಲೇ ಒಮ್ಮೆ ಕೇಳಿದ್ದ. ತೆರಿಗೆ ಇಳಿಯದಿದ್ದರೆ ಕೊಡದೆ ಬೇರೆ ದಾರಿ ಇರಲಿಲ್ಲ. ಕೊಟ್ಟರೆ ಅತ್ತೆ ನಿಜವಾಗಿಯೂ ಮಗಳ ಮನೆಗೇ ಹೋಗಬೇಕು. ಆ ಮನೆಯ ಅಳಿಯನೋ, ಅತ್ತೆ ಎದುರಿಗೆ ಬಂದರೆ ಟಿವಿಯ ಸದ್ದು ಜೋರು ಮಾಡುವ ಮನುಷ್ಯ.

"ಅಪೀಲು ಹಾಕ್ರೀ. ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ" ಎಂದು ಬೆನ್ನು ಹತ್ತಿ ಹೊರಡಿಸಿದೆ, ಜೊತೆಗೆ ನಾನೂ ಹೋದೆ. ಅಪೀಲು ತೆಗೆದುಕೊಳ್ಳಬೇಕಾದರೆ ಮೊದಲು ಅರ್ಧ ತೆರಿಗೆ ಕಟ್ಟಬೇಕಂತೆ. ಹೊಡೆತ ಬಿತ್ತೆಂದು ದೂರು ಕೊಡಲು ಹೋದವನಿಗೆ ಇನ್ನೆರಡು ಬಿಗಿದು ಕೂರಿಸುವ ಏರ್ಪಾಡು. ಕಟ್ಟಿದೆವು.

ವಿಚಾರಣೆಯಲ್ಲಿ ಅಧಿಕಾರಿ ಕಡತದಿಂದ ತಲೆ ಎತ್ತದೆ ಕೇಳಿದರು. "ವಾಸದ ಕೋಣೆ ಅಂತೀರಿ. ಯಾರು ವಾಸ ಇರೋದು?"

ಗಂಡ ನೆಲ ನೋಡಿದ. ನಾನು ಮೊಣಕೈಯಿಂದ ತಿವಿದ ಮೇಲೆ ಬಾಯಿ ಬಿಟ್ಟ. "ನಮ್ಮ ತಾಯಿ ಸಾರ್."

"ಟ್ರಯಲ್ ರೂಮ್ ಅಂತ ಬರ್ಸಿದೋರೂ ನೀವೇ ಅಲ್ವಾ? ನಾವೇ ಒಂದಿನ ಬಂದು ನೋಡ್ತೀವಿ."

ದಾರಿಯಲ್ಲೇ ಹೇಳಿದೆ. "ಅತ್ತೆಗೆ ಇವತ್ತೇ ಒಂದು ಮಾತು ಹೇಳಿಬಿಡಿ. ಆಫೀಸಿನೋರು ಕೇಳಿದ್ರೆ ನಾನಿಲ್ಲೇ ಇರೋದು ಅನ್ಲಿ."

"ನೀನು ಬಾಯಿ ಹಾಕ್ಬೇಡ. ನಮ್ಮಮ್ಮನಿಗೆ ನಾನೇ ಹೇಳ್ತೀನಿ."

ಹೇಳಲಿಲ್ಲ. ಇವತ್ತು, ನಾಳೆ ಎಂದು ತಳ್ಳಿದ. ಹೇಳಬೇಕಾದರೆ ಇಷ್ಟು ವರ್ಷ ನಿನ್ನ ಬಾಯಲ್ಲಿ ಸುಳ್ಳು ಆಡಿಸಿದೆನಮ್ಮಾ ಎಂದು ಒಪ್ಪಿಕೊಳ್ಳಬೇಕಿತ್ತು. ಅಷ್ಟು ಧೈರ್ಯ ಆ ಮನುಷ್ಯನಿಗಿಲ್ಲ.

ಅಧಿಕಾರಿ ಬಂದಾಗ ಗಂಡ ಲೈನಿಂಗ್ ಬಟ್ಟೆ ತರಲು ಹೋಗಿದ್ದ. ಬೂಟಿನ ಸದ್ದಿಗೇ ಒಳಗಡೆ ಹಾಸಿಗೆ ಸುತ್ತುವ ಸದ್ದು ಕೇಳಿಸಿತು. ಪರದೆ ಸರಿಸಿದರೆ ಅತ್ತೆ ಸ್ಟೂಲಿನ ಮೇಲೆ, ಸೆರಗು ಹೊದ್ದು, ಈಗಷ್ಟೇ ಬಸ್ಸಿಳಿದವರಂತೆ ಕೂತಿದ್ದಾರೆ. ಅವರ ಸ್ಟವ್ ಕಾಣದ ಹಾಗೆ ಅದರ ಮೇಲೆ ಇಸ್ತ್ರಿಯ ಹಲಗೆ ಮುಚ್ಚಿದೆ.

"ಅಜ್ಜೀ, ನೀವು ಇಲ್ಲೇ ಇರೋದಾ?"

"ಅತ್ತೆ, ಇವ್ರು ತೆರಿಗೆ ಆಫೀಸಿ..." ಎಂದು ನಾನು ಶುರು ಮಾಡುವಷ್ಟರಲ್ಲಿ ಅಧಿಕಾರಿ ಕೈ ಎತ್ತಿದರು. "ನೀವು ಸುಮ್ನಿರಿ. ಅವ್ರೇ ಹೇಳ್ಲಿ."

ಅತ್ತೆ ನಕ್ಕರು. "ಅಯ್ಯೋ, ಇಲ್ಲಪ್ಪಾ. ಎರಡು ದಿನ ಇದ್ದು ಹೋಗೋಣ ಅಂತ ಬಂದೆ. ನನ್ನ ಮಗ ನನ್ನನ್ನ ರಾಣಿ ಹಾಗೆ ನೋಡ್ಕೊಳ್ತಾನೆ. ತಾಯೀನ ಹೀಗೆ ಅಂಗಡಿ ಹಿಂದೆ ಇಡೋನಲ್ಲ ಅವ್ನು."

"ಸುಳ್ಳು ಸಾರ್, ಇವ್ರು ಇಲ್ಲೇ ಇರೋದು!" ಎಂದು ಕೂಗಿದೆ. ಅಧಿಕಾರಿ ನನ್ನನ್ನು ನೋಡಿದ ನೋಟದಲ್ಲಿ, ತೆರಿಗೆ ಉಳಿಸಲು ಮುದುಕಿಯ ಮಾತನ್ನೇ ಸುಳ್ಳು ಮಾಡುವ ಸೊಸೆ ನಾನು. ಅತ್ತೆಯೂ ನನ್ನನ್ನು ದುರುಗುಟ್ಟಿ ನೋಡಿದರು, ಮನೆಯ ಮಾನ ಬೀದಿಗೆ ಎಳೆಯುತ್ತಿದ್ದೀಯಲ್ಲ ಎಂಬಂತೆ.

ಅಪೀಲು ವಜಾ ಆಯಿತು. ಆದೇಶ ಓದಿ ಗಂಡ ತಲೆ ಮೇಲೆ ಕೈ ಹೊತ್ತು ಕೂತ. ಆಮೇಲೆ, "ಅಮ್ಮ ಹಾಗೆ ಹೇಳ್ಬಾರ್ದಾಗಿತ್ತು" ಎಂದ.

"ಹೇಳ್ಕೊಟ್ಟೋರು ಯಾರು?" ಎಂದೆ. ಆತ ಮೆಷಿನ್ ತುಳಿಯತೊಡಗಿದ. ಹದಿನೈದು ವರ್ಷ ಈ ಮನುಷ್ಯನ ಜೊತೆ ಬಾಳಿದ್ದೇನೆ, ಅವತ್ತಿನಷ್ಟು ಹೇಸಿಗೆ ನನಗೆ ಎಂದೂ ಆಗಿರಲಿಲ್ಲ.

ಕೋಣೆ ಬಾಡಿಗೆಗೆ ಹೋಯಿತು. ಆದರೆ ತಾಯಿಗೆ ಆತ ಕಾರಣ ಹೇಳಿದ್ದು ಬೇರೆಯೇ. "ಅಕ್ಕ ನಿನ್ನನ್ನ ತುಂಬ ನೆನೆಸ್ಕೊಳ್ತಿದಾಳಮ್ಮ. ಸ್ವಲ್ಪ ದಿನ ಅಲ್ಲಿದ್ದು ಬಾ" ಎಂದ. ಅತ್ತೆ ಎರಡು ಸೀರೆ, ಮಂಡಿಗೆ ಹಚ್ಚುವ ಎಣ್ಣೆ ಚೀಲಕ್ಕೆ ಹಾಕಿಕೊಂಡರು. ನಾವು ಹೊರಟಾಗ ಫೋನ್ ರಿಪೇರಿಯವನು ಖಾಲಿ ಡಬ್ಬಗಳನ್ನು ಬಾಗಿಲ ಬಳಿ ತಂದಿಟ್ಟು ಕಾಯುತ್ತಿದ್ದ.

ಬಸ್ಸು ಹತ್ತಿಸಿ ಕಿಟಕಿಯ ಹತ್ತಿರ ನಿಂತೆ. ಅತ್ತೆ ನನ್ನ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು, ಪಕ್ಕದವರಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದರು.

"ಅವತ್ತು ನೀನು ಏನೋ ಬಾಯಿ ತಪ್ಪಿ ಅಂದ್ಬಿಟ್ಟೆ. ಹೋಗ್ಲಿ ಬಿಡು, ನಂಗೆ ಬೇಜಾರಿಲ್ಲ. ನಾನು ಸರಿಯಾಗೇ ಹೇಳ್ದೆ ತಾನೇ? ಆ ದೊಡ್ಡ ಮನುಷ್ಯನ ಮುಂದೆ ನಿನ್ನ ಗಂಡನ ಮರ್ಯಾದೆ ಉಳೀತು ತಾನೇ?"

"ಉಳೀತು ಅತ್ತೆ" ಎಂದೆ.