ಹಳೇ ಲ್ಯಾಪ್‌ಟಾಪಿಗೆ ಕಾಫಿ

ಅನುವಾದಕಿಯ ಲ್ಯಾಪ್‌ಟಾಪು ಯಾವುದೋ ವಿಮಾ ಕಚೇರಿಯಲ್ಲಿ ಎಂಟು ವರ್ಷ ದುಡಿದು, ಹರಾಜಿನಲ್ಲಿ ಅವಳ ಪಾಲಿಗೆ ಬಂದದ್ದು. ಬ್ಯಾಟರಿ ಸೋತರೆ ಹೊಸದನ್ನು ತಾನೇ ಸಿಕ್ಕಿಸುತ್ತಿದ್ದಳು. ಹಿಂಬದಿಯ ನಾಲ್ಕು ತಿರುಪು ಬಿಚ್ಚಿ ಧೂಳನ್ನೂ ಊದುತ್ತಿದ್ದಳು. ಭಾವನಿಗೆ ಮಾತ್ರ ಅದನ್ನು ಕಂಡರಾಗದು. ಆ ಸಂಜೆ ರಟ್ಟಿನಷ್ಟು ತೆಳುವಾದ ಹೊಸದೊಂದನ್ನು ಕಂಕುಳಲ್ಲಿ ಇರುಕಿಕೊಂಡು ಬಂದರು.

"ನಿಮ್ಮಕ್ಕ ಕಳಿಸಿದ್ದು. ಆ ಇಟ್ಟಿಗೇನ ಈಗ್ಲೇ ಗುಜರಿಗೆ ಹಾಕ್ತೀನಿ."

"ಐದು ಗಂಟೆ ತನಕ ಬಿಡಿ ಭಾವ. ನೀರಿನ ಪಂಪಿನ ಕೈಪಿಡಿ ಅನುವಾದ ಮುಗ್ದಿದೆ, ಕಳಿಸ್ಬೇಕು. ತಡವಾದ್ರೆ ಕಂಪನಿಯವ್ರು ಟ್ರಾಕ್ಟರಿನ ಕೈಪಿಡಿ ಬೇರೆಯವ್ರಿಗೆ ಕೊಡ್ತಾರಂತೆ."

ಟ್ರಾಕ್ಟರಿನದು ಅಂದರೆ ಒಂದು ವರ್ಷದ ಕೆಲಸ.

"ಹೊಸದ್ರಲ್ಲೇ ಕಳ್ಸು. ಕಣ್ಮುಚ್ಚಿ ತೆಗಿಯೋದ್ರೊಳಗೆ ಹೋಗತ್ತೆ."

ಕೈಪಿಡಿಯನ್ನು ಹೊಸದಕ್ಕೆ ದಾಟಿಸಲು ಭಾವ ಪೆನ್‌ಡ್ರೈವ್ ಹಿಡಿದು ತೂತು ಹುಡುಕಿದರು. ಎಡ, ಬಲ, ಹಿಂದೆ, ಮುಂದೆ, ಕೊನೆಗೆ ತಲೆಕೆಳಗು ಮಾಡಿ ನೋಡಿದರು. ಅಂಥ ತೂತೇ ಇರಲಿಲ್ಲ.

"ಅದಕ್ಕೆ ನಡುವೆ ಸಿಕ್ಕಿಸೋ ಬೇರೆ ತುಂಡು ಬರತ್ತೆ. ಮನೇಲಿದೆ."

"ಹೋಗಿ ತನ್ನಿ. ಅಷ್ಟರಲ್ಲಿ ನಾನು ಇದ್ರಲ್ಲೇ ಕಳಿಸಿರ್ತೀನಿ."

ಭಾವನ ಮೂಗಿನ ತುದಿ ಕೆಂಪೇರಿತು. "ಏನಿದೆಯೋ ಇದ್ರಲ್ಲಿ ಅಂಥಾದ್ದು" ಎನ್ನುತ್ತ ಹಳೆಯದನ್ನು ತೊಡೆಯ ಮೇಲೆ ಎಳೆದುಕೊಂಡರು. ಎಳೆದ ರಭಸಕ್ಕೆ ಮೊಣಕೈ ತಾಗಿ ಪಕ್ಕದಲ್ಲಿದ್ದ ಒಂದು ಲೋಟ ಕಾಫಿ ಕೀಲಿಮಣೆಯ ಮೇಲೆ ಚೆಲ್ಲಿತು.

ಐದಕ್ಕೆ ಹತ್ತೇ ನಿಮಿಷ.

ಕಾಫಿ ಕೀಲಿಗಳ ಸಂದಿಯಲ್ಲಿಳಿದು ಮಾಯವಾಯಿತು. ಮರುಗಳಿಗೆ ಭಾವ ಅದನ್ನು ಹಿಡಿದೇ ಕುಳಿತಲ್ಲಿಂದ ಚಿಮ್ಮಿ ಎದ್ದರು. ಕಚೇರಿಯವರು ಕಾಫಿ ಚೆಲ್ಲಿಯೇ ಚೆಲ್ಲುತ್ತಾರೆಂದು ಅರಿತು, ಅದನ್ನು ತಯಾರಿಸಿದ ಪುಣ್ಯಾತ್ಮರು ಚೆಲ್ಲಿದ್ದು ಸೋರಿಹೋಗಲೆಂದೇ ಆ ಯಂತ್ರದ ಹೊಟ್ಟೆಯಡಿ ಎರಡು ತೂತು ಕೊರೆದಿದ್ದರು. ಅಲ್ಲಿಂದ ಸಣ್ಣ ಧಾರೆ ಅವರ ಬಿಳಿ ಪ್ಯಾಂಟಿನ ಮೇಲೆ ನೆಟ್ಟಗೆ ಇಳಿಯುತ್ತಿತ್ತು.

"ಅಯ್ಯಯ್ಯೋ, ಇದು ನನ್ ಮೇಲೇ ಬಿಡ್ತಿದೆಯಲ್ಲೇ!"

"ಓರೆ ಮಾಡ್ಬೇಡಿ ಭಾವ! ಮಟ್ಟಸವಾಗಿ ಹಿಡ್ಕೊಳ್ಳಿ, ಪರದೆ ಇನ್ನೂ ಉರೀತಿದೆ!"

ಭಾವ ಕಾಲಗಲಿಸಿ, ಹೋಟೆಲಿನ ಮಾಣಿಯಂತೆ ಎರಡೂ ಕೈಯಲ್ಲಿ ಅದನ್ನೆತ್ತಿ ನಿಂತರು. ಅವಳು ನಿಂತೇ ಕಡತ ಲಗತ್ತಿಸಿದಳು, ಕಳಿಸಿದಳು. ಎರಡು ನಿಮಿಷಕ್ಕೆ ಉತ್ತರ ಬಂತು: "ತಲುಪಿತು. ಟ್ರಾಕ್ಟರಿನ ಮೊದಲ ಭಾಗ ನಾಳೆ ಕಳಿಸುತ್ತೇವೆ." ಆಗಷ್ಟೇ ಯಂತ್ರವನ್ನು ಆರಿಸಿ, ಬ್ಯಾಟರಿ ಕಳಚಿ, ಉಸಿರು ಬಿಟ್ಟಳು.

"ಇನ್ನಾದ್ರೂ ಕೆಳಗಿಡ್ಲಾ?" ಭಾವ ಒದ್ದೆಯಾದ ಪ್ಯಾಂಟನ್ನು ಬಗ್ಗಿ ನೋಡಿಕೊಂಡರು.

"ಪೂರ್ತಿ ಸೋರ್ಲಿ ಭಾವ. ಹೇಗಿದ್ರೂ ಪ್ಯಾಂಟು ಹೋಯ್ತು."