ವಾರದ ಗುಳಿಗೆ

ಊರ ಹತ್ತಿರದ ದವಾಖಾನೆಯವರು ಕೈಚೆಲ್ಲಿ ಬೆಳಗಾವಿಗೆ ಕಳಿಸಿದಾಗ ಅವ್ವನ ಬಾಯಿ ತುಂಬ ಹುಣ್ಣು. ನೀರು ಗುಟುಕರಿಸಿದರೂ ಕಣ್ಣಲ್ಲಿ ನೀರು ಬರುತ್ತಿತ್ತು, ಮೈ ಕೆಂಡದಂತೆ ಸುಡುತ್ತಿತ್ತು. ರಕ್ತ ಪರೀಕ್ಷೆಯ ಕಾಗದ ಹಿಡಿದು ನರ್ಮದಾ ಡಾಕ್ಟರ್ ಬಂದರು. ಅವ್ವನ ಸಂಧಿವಾತಕ್ಕೆ ಆರು ತಿಂಗಳಿಂದ ಔಷಧ ಕೊಡುತ್ತಿದ್ದವರು ಅವರೇ. ನಾನು ಅಡ್ಡ ನಿಂತೆ.

“ಏನ್ ಕೊಟ್ಟೀರಿ ನಮ್ಮವ್ವಗ? ಕೈ ಬ್ಯಾನಿ ಅಂತ ಬಂದಾಕಿನ್ನ ಹೆಣಾ ಮಾಡಿ ಕಳಸವ್ರೇನು?”

“ಕುಂದ್ರು ಮಾಂತೇಶ. ಬಿಳಿ ರಕ್ತಕಣ ಪೂರಾ ಇಳದಾವ. ಈಗ ಸಣ್ಣ ನಂಜು ಹತ್ತಿದ್ರೂ ಜೀವಕ್ಕ ಕುತ್ತು. ಗುಳಿಗಿ ಎಲ್ಲದಾವ, ತೋರ್ಸು.”

ಸುರೇಬಾನದಲ್ಲಿ ನಮ್ಮವ್ವ ಬಾಯವ್ವ ಖಾನಾವಳಿಗೆ ರೊಟ್ಟಿ ಬಡಿದುಕೊಡುತ್ತಾಳೆ. ಹೋದ ಚಳಿಗಾಲದಲ್ಲಿ ಮುಂಜಾನೆ ಎದ್ದರೆ ಅವಳ ಬೆರಳು ಬಿಚ್ಚುತ್ತಲೇ ಇರಲಿಲ್ಲ. ಆಗ ಇದೇ ಡಾಕ್ಟರ್ ಹೇಳಿದ್ದರು, “ನಿಮ್ಮ ಮೈಯಾಗಿನ ಕಾವಲಿನವ್ರು ಕಳ್ಳರನ್ನ ಬಿಟ್ಟು ಮನಿಯವ್ರಿಗೇ ಬಡ್ಯಾಕ ಹತ್ಯಾರ. ಈ ಗುಳಿಗಿ ಅವ್ರನ್ನ ಹದ್ದಬಸ್ತಿನ್ಯಾಗ ಇಡತೈತಿ. ಹೆಚ್ಚಾದ್ರ ಕಾವಲs ಇಲ್ಲದಂಗ ಆಗತೈತಿ. ವಾರಕ್ಕ ಒಂದs.” ಮೂರು ತಿಂಗಳಲ್ಲಿ ಅವ್ವ ಮತ್ತೆ ರೊಟ್ಟಿ ಬಡಿದಳು.

ನಾನು ಚೀಲದಿಂದ ಗುಳಿಗೆಯ ಹಾಳೆ ತೆಗೆದುಕೊಟ್ಟೆ. ಮೂರು ತಿಂಗಳಿಗೆಂದು ತಂದ ಹನ್ನೆರಡೂ ಮೂರೇ ವಾರದಲ್ಲಿ ಮುಗಿದಿದ್ದವು. ಡಾಕ್ಟರ್ ಅವ್ವನ ಹತ್ತಿರ ಬಾಗಿದರು.

“ಬಾಯವ್ವಾ, ವಾರಕ್ಕ ಒಂದs ಅಂದಿದ್ದೆ.”

“ಒಂದs ತಗೊಂಡೇನ್ರಿ ಬಾಯಾರ. ಒಂದ್ ವಾರಾನೂ ತಪ್ಪಿಸಿಲ್ಲ.” ಹುಣ್ಣಿನ ಬಾಯಿಂದ ಮಾತು ತಡೆತಡೆದು ಬಂತು. “ಶ್ರಾವಣಲ್ರಿ. ಸೋಮಾರ, ಮಂಗಳಾರ, ಶುಕ್ರಾರ, ಶನಿವಾರ. ನಾಕೂ ವಾರ ಹಿಡದೇನಿ.”

ಡಾಕ್ಟರಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ನಮ್ಮವ್ವನಿಗೆ ವಾರವೆಂದರೆ ಏಳು ದಿನವಲ್ಲ. ದೇವರ ಹೆಸರಿನಲ್ಲಿ ಉಪವಾಸ ಇರುವ ದಿನ. ಅವ್ವನದು ವರ್ಷವಿಡೀ ಎಲ್ಲವ್ವನ ಮಂಗಳವಾರ. ಶ್ರಾವಣದಲ್ಲಿ ಮಾತ್ರ ಇನ್ನೂ ಮೂರು ಸೇರುತ್ತವೆ.

“ಹಿಂಗ ತಗೋ ಅಂತ ಹೇಳಿದವ್ರ್ಯಾರು?” ಡಾಕ್ಟರ್ ಕೇಳಿದರು.

“ಯಾರೂ ಇಲ್ರಿ. ನಾನs ತಪ್ಪ ತಿಳಕೊಂಡೆ. ಕಲತಾಕಿ ಅಲ್ಲ ನೋಡ್ರಿ.”

ಸುಳ್ಳು. ಮೊದಲ ಸಲ ಗುಳಿಗೆ ತಂದ ದಿನ ಬಸ್ಸಿನಲ್ಲಿ ಅವಳು ನಾಲ್ಕು ಸಲ ಕೇಳಿದ್ದಳು, ಯಾವತ್ತು ನುಂಗೂದೋ, ಯಾವತ್ತು ನುಂಗೂದೋ ಅಂತ. ಐದನೆಯ ಸಲಕ್ಕೆ ನಾನು ರೇಗಿದ್ದೆ: “ನಿನ್ನ ವಾರ ಇದ್ದ ದಿನ ನುಂಗು. ಎಷ್ಟ್ ತಲಿ ತಿಂತಿ?”

“ನಾ ಹೇಳೇನ್ರಿ,” ಅಂದೆ. “ವಾರ ಇದ್ದ ದಿನ ತಗೋ ಅಂತ ನಾನs ಹೇಳೇನಿ.”

ಡಾಕ್ಟರ್ ನರ್ಸನ್ನು ಕರೆದು ವಿಷ ಇಳಿಸುವ ಇಂಜೆಕ್ಷನ್ ಶುರು ಮಾಡಿಸಿದರು. ಅವ್ವನನ್ನು ಬೇರೆ ಕೋಣೆಗೆ ಒಯ್ದರು. ಒಂಬತ್ತು ದಿನ ಮಾಸ್ಕ್ ಹಾಕಿಕೊಂಡು ಬಾಗಿಲಲ್ಲಿ ನಿಂತೆ. ಆರನೆಯ ದಿನ ಕಣಗಳು ಏರಿದವು. ಹತ್ತನೆಯ ದಿನ ಅವ್ವ ಗಂಜಿ ಕುಡಿದಳು.

ತಿಂಗಳೊಪ್ಪತ್ತಿಗೆ ಬೆರಳು ಮತ್ತೆ ಮಡಚಿಕೊಳ್ಳತೊಡಗಿದವು. ಅದೇ ಗುಳಿಗೆ ಮತ್ತೆ ಶುರುಮಾಡಬೇಕು, ಕಡಿಮೆ ಅಳತೆಯಲ್ಲಿ, ಎರಡು ವಾರಕ್ಕೊಮ್ಮೆ ರಕ್ತ ತೋರಿಸಬೇಕು ಎಂದರು ಡಾಕ್ಟರ್. “ಬ್ಯಾರೆ ಏನೂ ಇಲ್ಲೇನ್ರಿ?” ಅಂದೆ.

“ಅದಾವ. ಆದ್ರ ಈಕಿಗೆ ಇದs ಹತ್ತಿತ್ತು. ತಪ್ಪು ಗುಳಿಗೀದಲ್ಲ.” ಅವ್ವನತ್ತ ತಿರುಗಿದರು. “ಬಾಯವ್ವಾ, ನಿಮ್ಮನ್ಯಾಗ ಯಾವ ದೇವರದ್ದೂ ಅಲ್ಲದ ದಿನ ಯಾವ್ದು?”

ಅವ್ವ ಮಡಚಿದ ಬೆರಳಿನಲ್ಲೇ ಒಂದೊಂದೇ ದಿನ ಎಣಿಸಿದಳು. “ಬುಧವಾರ ಯಾರೂ ಇಲ್ರಿ.”

ಬುಧವಾರ ಅವ್ವ ಉಂಡಮೇಲೆ ಒಂದು ಗುಳಿಗೆ ಬಿಚ್ಚಿ ಅವಳ ಅಂಗೈಗೆ ಇಟ್ಟೆ. ಇದು ಸರಿ ಐತಿಲ್ಲೋ, ಇವತ್ತ ಹೌದಿಲ್ಲೋ ಅಂತ ಅವಳು ಕೇಳಲಿ, ನೂರು ಸಲ ಕೇಳಲಿ ಅಂತ ಕಾದೆ. ಅವ್ವ ಏನೂ ಕೇಳಲಿಲ್ಲ. ನಾನು ಕೊಟ್ಟಿದ್ದನ್ನು ನೋಡದೆಯೇ ಬಾಯಿಗೆ ಹಾಕಿಕೊಂಡು ನೀರು ಕುಡಿದಳು.